ಸರೋಜ ಮಾಮಿಯ ನೊಣಗಳು

ಹೋದ ಭಾನುವಾರ ಮಹಡಿಯ ಮೇಲೆ ಸಂಡಿಗೆ ಒಣಹಾಕಿದ್ದೆ. ಸಂಜೆ ತೆಗೆಯಲು ಹೋದರೆ ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಒಂದು ಗರಿ ಅಂಟಿಕೊಂಡಿತ್ತು. ಹಿಂದಿನ ಬೀದಿಯಲ್ಲಿ ಯಾರೋ ಹುಂಜ ಸಾಕಿದ್ದಾರೆ, ಅದರದ್ದೇ ಇರಬೇಕು. ಇಟ್ಟಿಗೆ ಬಣ್ಣದ, ಸಪೂರವಾದ, ತುದಿ ಚೂಪಾದ ಕತ್ತಿನ ಗರಿ. ಬೇರೆ ಯಾರಾದರೂ ಆಗಿದ್ದರೆ ಊದಿ ಹಾರಿಸಿಬಿಡುತ್ತಿದ್ದರು. ನಾನು ಅದನ್ನೆತ್ತಿ, ಉಗುರಿನ ಸುತ್ತ ಬಾಗಿಸಿ, ಎಳೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡದ್ದನ್ನು ಬೆಳಕಿಗೆ ಹಿಡಿದು "ಹದಿನಾಲ್ಕು" ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಪಕ್ಕದ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹುಡುಗಿ "ಎನ್ನ ಆಂಟಿ?" ಎಂದು ತಮಿಳಿನಲ್ಲಿ ಏನೆಂದು ಕೇಳಿದಳು. ಕೋಳಿಯ ಗರಿ ನೋಡಿ ಅಂಕಿ ಹೇಳುವ ಹೆಂಗಸು ಏನೆಂದು ವಿವರಿಸಬೇಕು? ಸುಮ್ಮನೆ ನಕ್ಕು ಕೆಳಗಿಳಿದೆ. ನಿಮಗೆ ಪುರುಸೊತ್ತಿದ್ದರೆ ನಿಮಗಾದರೂ ಹೇಳುತ್ತೇನೆ.

ನಾನು ಮದ್ದೂರಿನ ಕಡೆಯವಳು. ತೊಂಬತ್ತರ ದಶಕದ ಕೊನೆಯಲ್ಲಿ ಗಂಡನಿಗೆ ವಿಮಾ ಕಚೇರಿಯ ಕೆಲಸದಲ್ಲಿ ಈ ಊರಿಗೆ ವರ್ಗವಾಯಿತು. ಊರಿಗೆ ಆಗತಾನೇ ಚೆನ್ನೈ ಎಂಬ ಹೆಸರು ಬಂದಿತ್ತು. ನಮ್ಮಪ್ಪ ಮಾತ್ರ ಕಾಗದದ ಮೇಲೆ ಮದರಾಸು ಎಂದೇ ಬರೆಯುತ್ತಿದ್ದರು, ಕಾಗದವೂ ತಪ್ಪದೆ ತಲುಪುತ್ತಿತ್ತು. ಪೋರೂರಿನಲ್ಲಿ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದೆವು. ನನಗೆ ತಮಿಳು ಬಾರದು. ತರಕಾರಿಯವಳ ಹತ್ತಿರ ಬದನೆಕಾಯಿ ಕೇಳಲು ಹೋಗಿ ಬೆರಳು ತೋರಿಸಿ ಬರುತ್ತಿದ್ದೆ. ಎರಡು ವರ್ಷದ ಮಗಳು ಮಾತ್ರ ಬೀದಿಯ ಮಕ್ಕಳ ಜೊತೆ ಸೇರಿ ಮೂರೇ ತಿಂಗಳಿಗೆ "ವೇಂಡಾಂ" ಎನ್ನಲು ಕಲಿತುಬಿಟ್ಟಳು. ನಾನು ಕನ್ನಡದಲ್ಲಿ ಉಣ್ಣು ಎಂದರೆ ಅವಳು ತಮಿಳಿನಲ್ಲಿ ಬೇಡ ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಕೆಳಗಿನ ಮನೆಯಿಂದ "ಏ, ಹಾಲು ಉಕ್ಕೋಯ್ತು ನೋಡೇ!" ಎಂಬ ಕೂಗು ಕೇಳಿಸಿತು. ಅಪ್ಪಟ ಕನ್ನಡ! ನಾನು ಇದ್ದ ಹಾಗೇ ಮೆಟ್ಟಿಲಿಳಿದು ಓಡಿದೆ. ಹಾಲು ಉಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟು ಇನ್ನೊಬ್ಬರ ಮನೆಗೆ ನುಗ್ಗಿದವಳು ನಾನೊಬ್ಬಳೇ ಇರಬೇಕು.

ಅವರೇ ಸರೋಜಮ್ಮನವರು. ಬೀದಿಗೆಲ್ಲ ಮಾಮಿ, ಆಮೇಲೆ ನನಗೂ ಮಾಮಿ. ಅರವತ್ತೈದು ದಾಟಿದ್ದ ವಿಧವೆ. ಮಗ ರೈಲ್ವೆಯಲ್ಲಿ, ಸೊಸೆ ಒಂದು ಶಾಲೆಯಲ್ಲಿ ಟೀಚರ್. ಮಾಮಿಯ ತವರು ಅರಸೀಕೆರೆ. ಮದುವೆಯಾದ ಮೇಲೆ ಇಪ್ಪತ್ತು ವರ್ಷ ನೀಲಗಿರಿ ಬೆಟ್ಟದ ರೈಲುಹಾದಿಯ ಒಂದು ಪುಟ್ಟ ಸ್ಟೇಷನ್ನಿನಲ್ಲಿದ್ದವರು, ಗಂಡ ಅಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು.

ಹಿತ್ತಲ ಕಡೆಯ ವರಾಂಡದಲ್ಲಿ ಅವರದೊಂದು ಮೇಜು. ಮೇಜಿನ ಅಂಚಿಗೆ ಕಚ್ಚಿಸಿದ ಒಂದು ಸಣ್ಣ ಕಬ್ಬಿಣದ ಹಿಡಿ, ಅದರ ಬಾಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಗಾಳ. ಸುತ್ತ ಬಿಸ್ಕತ್ತಿನ ಡಬ್ಬಗಳು. ಡಬ್ಬ ತೆರೆದರೆ ಸೀಗೇಕಾಯಿಯ ವಾಸನೆ, ಒಳಗೆ ಹುಂಜದ ಕತ್ತಿನ ಗರಿಗಳು. ನಾನು ಮೊದಲ ದಿನ ನೋಡಿ ಬೆಚ್ಚಿಬಿದ್ದೆ. ಹಣೆಗೆ ವಿಭೂತಿ, ಕೈಯಲ್ಲಿ ಜಪಸರ, ಮೇಜಿನ ಮೇಲೆ ಕೋಳಿಗರಿ! ಏನೋ ಮಾಟಮಂತ್ರವೇ ಸರಿ ಎಂದುಕೊಂಡೆ.

"ನೊಣ ಕಟ್ತೀನಮ್ಮ" ಎಂದರು ಮಾಮಿ, ಹೂ ಕಟ್ಟುತ್ತೇನೆ ಎನ್ನುವಷ್ಟು ಸಲೀಸಾಗಿ. "ಮೀನು ಹಿಡಿಯೋರಿಗೆ. ಗಾಳಕ್ಕೆ ಗರಿ ಸುತ್ತಿ ಮಾಡೋ ಹುಸಿ ನೊಣ, ಮೀನು ನಿಜ ಅಂದ್ಕೊಂಡು ಕಚ್ಚತ್ತೆ. ಟ್ರೌಟ್ ಅಂತ ಬೆಟ್ಟದ ತಣ್ಣೀರಿನ ಮೀನು. ನಾನು ತಿಂದೂ ಇಲ್ಲ, ಹಿಡಿದೂ ಇಲ್ಲ, ಕಟ್ತೀನಿ ಅಷ್ಟೆ."

ಹೂವಿನಿಂದಲೇ ಶುರುವಾದದ್ದಂತೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದಾಗ, ರೈಲಿಗೆ ಕಾಯುತ್ತಿದ್ದ ಚಹಾತೋಟದ ಮ್ಯಾನೇಜರೊಬ್ಬರು ಅವರ ಬೆರಳುಗಳನ್ನೇ ನೋಡಿದರು. ಟೋಪಿಗೆ ಚುಚ್ಚಿಕೊಂಡಿದ್ದ ಗರಿಯ ನೊಣವೊಂದನ್ನು ಕಿತ್ತು, ಸ್ಟೇಷನ್ ಮಾಸ್ಟರ ಅಪ್ಪಣೆ ಪಡೆದು, ಇದನ್ನು ಕಟ್ಟಬಲ್ಲಿರಾ ಎಂದು ಕೇಳಿದರು. ಮಾಮಿ ಅದನ್ನು ಒಳಗೆ ಒಯ್ದು, ದಾರ ಬಿಚ್ಚಿ, ಹೇಗೆ ಸುತ್ತಿದೆ ಎಂದು ನೋಡಿ, ತಿರುಗಿ ಸುತ್ತಿ ಕೊಟ್ಟರು. ರೈಲು ಬರುವಷ್ಟರಲ್ಲಿ ಮುಗಿದಿತ್ತು. ಆಮೇಲೆ ಮೂವತ್ತು ವರ್ಷ ನೀಲಗಿರಿಯ ತೊರೆಗಳಲ್ಲಿ ತೇಲಿದ ನೊಣಗಳಲ್ಲಿ ಎಷ್ಟೋ ಈ ಸಸ್ಯಾಹಾರಿ ಕೈಯಿಂದ ಹೋದವು. ನನಗೆ ಅವರ ಪರಿಚಯವಾಗುವ ಹೊತ್ತಿಗೆ ಉಳಿದಿದ್ದ ಗಿರಾಕಿ ಒಬ್ಬರೇ, ಭೋಜನ್ ಎಂಬುವರು, ನೀಲಗಿರಿಯ ಬಡಗ ಜನಾಂಗದವರು. ಊಟಿಯ ಆಚೆ ಮೀನು ಹಿಡಿಯಲು ಬರುವವರಿಗೆ ಎರಡು ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ತಿಂಗಳಿಗೊಮ್ಮೆ ಅವರಿಗೆ ಒಂದು ಪುಟ್ಟ ಪೊಟ್ಟಣ ಅಂಚೆಯಲ್ಲಿ ಹೋಗುತ್ತಿತ್ತು.

ಶನಿವಾರದ ಮಧ್ಯಾಹ್ನಗಳನ್ನು ನಾನು ಆ ವರಾಂಡದಲ್ಲಿ ಕಳೆಯತೊಡಗಿದೆ. ಕಲಿಯುವ ಹುಮ್ಮಸ್ಸಿಗಿಂತ ಕನ್ನಡ ಮಾತಾಡುವ ಆಸೆಯೇ ಹೆಚ್ಚು. ನಾನು ಕಟ್ಟಿದ ಮೊದಲ ನೊಣ ಮಳೆಯಲ್ಲಿ ನೆನೆದ ಕಾಗೆಯ ಹಾಗಿತ್ತು. ಮಾಮಿ ಅದನ್ನು ಬೆರಳಲ್ಲಿ ಸವರಿ, "ಪರವಾಯಿಲ್ಲ, ಮೀನಿಗೆ ಪಾಪ ಅನ್ನಿಸಿ ಕಚ್ಚಬಹುದು" ಎಂದರು.

ಕಟ್ಟುವುದಕ್ಕಿಂತ ಕಷ್ಟದ್ದು ಗರಿ ಆರಿಸುವುದು. ನೀರಿನ ಮೇಲೆ ತೇಲುವ ನೊಣಕ್ಕೆ ಕತ್ತಿನ ಬಳಿ ಒಂದು ಗರಿಯನ್ನು ಸುತ್ತುತ್ತಾರೆ, ಅದಕ್ಕೆ ಹ್ಯಾಕಲ್ ಎಂದು ಹೆಸರು. ಸುತ್ತಿದಾಗ ಅದರ ಎಳೆಗಳು ಸುತ್ತಲೂ ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಅವೇ ನೊಣದ ಕಾಲು. ಆ ಎಳೆಗಳ ತುದಿಯ ಮೇಲೆ, ಹಿಂದೆ ಬಾಲದ ಮೇಲೆ ಭಾರ ಬಿಟ್ಟು, ನೊಣ ನೀರಿನ ಮೇಲೆ ನಿಲ್ಲಬೇಕು. ಎಳೆ ಉದ್ದವಾದರೆ ಮರಗಾಲು ಕಟ್ಟಿಕೊಂಡವನ ಹಾಗೆ ತಟ್ಟಾಡಿ ಮಗ್ಗುಲಿಗೆ ಬೀಳುತ್ತದೆ. ಗಿಡ್ಡವಾದರೆ ಮುಳುಗುತ್ತದೆ.

"ಗಾಳದ ಬಾಯಿ ಎಷ್ಟು ಅಗಲ ಇದೆಯೋ ಅಷ್ಟು, ಮೇಲೆ ಅದರರ್ಧ" ಎನ್ನುತ್ತಿದ್ದರು ಮಾಮಿ. ಗಾಳದ ಸುತ್ತ ಗರಿಯನ್ನು ಬಾಗಿಸಿ, ಎದ್ದ ಎಳೆಯನ್ನು ಗಾಳದ ಬಾಯಿಗೆ ಹೋಲಿಸಿ ನೋಡುತ್ತಿದ್ದರು. ಗಾಳದ ನಂಬರು ಬೇರೆ ತಿರುಗುಮುರುಗು. ಹನ್ನೆರಡಕ್ಕಿಂತ ಹದಿನಾಲ್ಕು ಚಿಕ್ಕದು, ಹದಿನಾಲ್ಕಕ್ಕಿಂತ ಹದಿನಾರು ಚಿಕ್ಕದು. "ಯಾಕೆ ಮಾಮಿ ಹಾಗೆ?" ಎಂದರೆ "ಸಾಹೇಬರ ಲೆಕ್ಕ, ನಾವು ಕೇಳ್ಬಾರ್ದು" ಎನ್ನುತ್ತಿದ್ದರು. ಕಟ್ಟಿ ಮುಗಿದ ಮೇಲೆ ಪರೀಕ್ಷೆ. ಗೇಣೆತ್ತರದಿಂದ ಮೂರು ಸಲ ನೊಣವನ್ನು ಮೇಜಿನ ಮೇಲೆ ಬಿಡಬೇಕು. ಮೂರು ಸಲವೂ ಕಾಲ ಮೇಲೆ ನಿಂತರೆ ಪಾಸು. ಅನುಮಾನ ಬಂದರೆ ಹಿತ್ತಾಳೆ ಬೋಗುಣಿಯ ನೀರಿನಲ್ಲಿ. ಆ ಬೇಸಿಗೆಗಳಲ್ಲಿ ಬೀದಿಗೆ ಲಾರಿಯಲ್ಲಿ ನೀರು ಬರುತ್ತಿತ್ತು. ಕೊಡ ಹಿಡಿದು ಸಾಲಿನಲ್ಲಿ ನಿಂತು ತಂದ ನೀರಲ್ಲಿ ಅತ್ತೆ ನೊಣ ತೇಲಿಬಿಡುವುದನ್ನು ನೋಡಿ ಸೊಸೆಯ ಮುಖ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಎರಡನೆಯ ವರ್ಷದ ಒಂದು ಶನಿವಾರ. ಮಾಮಿ ಒಂದು ನೊಣ ಕಟ್ಟಿ ಮುಗಿಸಿ ಮೇಜಿನ ಮೇಲೆ ಬಿಟ್ಟರು. ಅದು ಮಗ್ಗುಲಿಗೆ ಬಿತ್ತು. ಎತ್ತಿ ಮತ್ತೆ ಬಿಟ್ಟರು. ಮತ್ತೆ ಬಿತ್ತು. ಮೂರನೆಯ ಸಲವೂ ಹಾಗೇ. ಅವರು ತಲೆ ಬಾಗಿಸಿ, ಕಣ್ಣು ಕಿರಿದು ಮಾಡಿ ಅದನ್ನೇ ನೋಡಿ, ಮುಖ ಅರಳಿಸಿ, "ನೋಡು, ಹೆಂಗೆ ನಿಂತಿದೆ!" ಎಂದರು.

ನಾನು ಅವರ ಮುಖ ನೋಡಿದೆ. ಕರಿಗುಡ್ಡೆಯ ನಡುವೆ ಹಾಲು ಬೆರೆಸಿದಂಥ ಬಿಳುಪು. ಕೆಲವು ತಿಂಗಳಿಂದ ಅವರು ದಾರವನ್ನು ನಾಲಿಗೆಗೆ ತಾಗಿಸಿ ತುದಿ ಹುಡುಕುತ್ತಿದ್ದದ್ದು, ಡಬ್ಬಗಳನ್ನು ಅಲ್ಲಾಡಿಸಿ ಗುರುತಿಸುತ್ತಿದ್ದದ್ದು ಎಲ್ಲ ಆಗ ಅರ್ಥವಾಯಿತು.

"ಹೂಂ ಮಾಮಿ, ಚೆನ್ನಾಗಿ ನಿಂತಿದೆ" ಎಂದೆ.

ಯಾಕೆ ಹಾಗಂದೆ ಎಂದು ಕೇಳಿದರೆ ಆ ಕ್ಷಣಕ್ಕೆ ದಯೆ ಎಂದು ಹೇಳುತ್ತಿದ್ದೆನೇನೋ. ಹಳೆಯ ಕಾಲದಲ್ಲಿ ಅವರ ತಾಯಿಗೆ ಪೊರೆ ತೆಗೆಯಲು ಹೋಗಿ ಒಂದು ಕಣ್ಣೇ ಹೋಗಿತ್ತಂತೆ. ಕಣ್ಣಾಸ್ಪತ್ರೆ ಎಂದರೆ ಮಾಮಿ ಮಾತನ್ನೇ ಬದಲಿಸುತ್ತಿದ್ದರು. ಮಗನಿಗೆ ತಿಳಿದರೆ ಎಳೆದುಕೊಂಡು ಹೋಗುತ್ತಾನೆ ಎಂದು ಅವನ ಮುಂದೆ ಪೇಪರನ್ನು ಹಿಡಿದು ಕೂತು ಓದುವ ನಟನೆ ಮಾಡುತ್ತಿದ್ದರು. ಆದರೆ ನನಗೆ ಇನ್ನೊಂದು ಭಯವೂ ಇತ್ತು, ಅದನ್ನು ಈಗ ಮುಚ್ಚಿಡುವುದಿಲ್ಲ. ಮಾಮಿ ನೊಣ ಕಟ್ಟುವುದನ್ನು ಮಗ ನಿಲ್ಲಿಸಿಬಿಟ್ಟರೆ ನನ್ನ ಶನಿವಾರಗಳು ಎಲ್ಲಿಗೆ ಹೋಗಬೇಕು? ಈ ಊರಲ್ಲಿ ಆಗ ನಾನು ತಡವರಿಸದೆ ಮಾತಾಡುತ್ತಿದ್ದ ಜಾಗ ಅದೊಂದೇ.

ಮುಂದಿನ ತಿಂಗಳು ಭೋಜನ್ ಅವರ ಕಾಗದ ಬಂತು, ಇಂಗ್ಲಿಷಿನಲ್ಲಿ. ಮಾಮಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. "ಕನ್ನಡಕ ಎಲ್ಲೋ ಇಟ್ಟೆ, ಸ್ವಲ್ಪ ಓದಮ್ಮ" ಎಂದು ನನಗೆ ಕೊಟ್ಟರು. ಕನ್ನಡಕ ಅವರ ತಲೆಯ ಮೇಲೇ ಇತ್ತು. ಕಾಗದದಲ್ಲಿ ಕುಶಲ ಸಮಾಚಾರ, ಹಿಮ ಬಿದ್ದ ಸುದ್ದಿ, ಆಮೇಲೆ ಬಹಳ ಸಂಕೋಚದಿಂದ ಒಂದು ಮಾತು: ಈ ಸಲದ ನೊಣಗಳು ನೀರಿನ ಮೇಲೆ ನಿಲ್ಲದೆ ಮಗ್ಗುಲಿಗೆ ಬೀಳುತ್ತಿವೆ. ನಾನು ಕುಶಲ ಓದಿದೆ, ಹಿಮ ಓದಿದೆ, ಆ ಸಾಲನ್ನು ನುಂಗಿ, "ನೊಣ ಚೆನ್ನಾಗಿವೆಯಂತೆ ಮಾಮಿ" ಎಂದೆ. ಮಾಮಿ ಕಾಗದವನ್ನು ಮಡಿಸಿ ಡಬ್ಬದಲ್ಲಿಟ್ಟರು.

ಸುಳ್ಳಾಡಿದ ಮೇಲೆ ಅದನ್ನು ನಿಜ ಮಾಡುವ ಹೊಣೆ ನನ್ನದಾಯಿತು. "ಗರಿಗಳನ್ನ ನಾನು ಜೋಡಿಸಿಕೊಡ್ತೀನಿ, ಕಲಿತ ಹಾಗೂ ಆಯ್ತು" ಎಂದೆ. ಒಂದೊಂದು ನಂಬರಿಗೆ ಒಂದೊಂದು ಡಬ್ಬ. ದೊಡ್ಡ ಗರಿ ದೊಡ್ಡ ಗಾಳಕ್ಕೆ, ಪುಟ್ಟ ಗರಿ ಪುಟ್ಟ ಗಾಳಕ್ಕೆ. ಇದರಲ್ಲೇನಿದೆ ಎಂದುಕೊಂಡು ಚಕಚಕನೆ ಮುಗಿಸಿದೆ. ಕಾಗದದ ಸಾಲನ್ನು ಓದಿ ಹೆದರಿದ್ದೆನಲ್ಲ, ಸ್ವಲ್ಪ ಚಿಕ್ಕದೇ ಇರಲಿ ಎಂದು ಇನ್ನೂ ಒಂದು ಕೈ ಮುಂದೆ ಹೋದೆ. ಮಾಮಿ ನನ್ನ ಡಬ್ಬಗಳನ್ನು ನಂಬಿ ಕಟ್ಟಿದರು.

ಆ ಸಲದ ಕಾಗದದಲ್ಲಿ ಭೋಜನ್ ಬರೆದಿದ್ದರು: ಈಗ ಬೀಳುತ್ತಿಲ್ಲ, ಮುಳುಗುತ್ತಿವೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಅವನ್ನೂ ನಾನು ಓದಲಿಲ್ಲ. "ಎಲ್ಲ ಸೌಖ್ಯವಂತೆ" ಎಂದು ಮಡಿಸಿ ಕೊಟ್ಟೆ.

ಏನು ತಪ್ಪಾಯಿತೆಂದು ತಿಳಿಯದೆ ಒದ್ದಾಡಿ, ಮುಂದಿನ ಶನಿವಾರ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ: "ಮಾಮಿ, ಉದ್ದ ಗರಿ ಅಂದ್ರೆ ದೊಡ್ಡ ನೊಣಕ್ಕೇ ಅಲ್ವಾ?"

"ಅಯ್ಯೋ ಅಲ್ಲ ಕಣಮ್ಮ! ಗರಿ ಉದ್ದ ಇದ್ರೇನು, ನೀರಿನ ಮೇಲೆ ನಿಲ್ಲೋದು ಗರೀನಾ? ಎಳೆ ನೋಡ್ಬೇಕು. ವಯಸ್ಸಾದ ಹುಂಜದ್ದು ಗರಿ ಉದ್ದ, ಎಳೆ ಗಿಡ್ಡ. ಬಾಗಿಸು, ಬಾಗಿಸಿ ನೋಡು. ಬಾಗಿಸದೆ ಯಾವ ಗರಿಯೂ ನಿಜ ಹೇಳಲ್ಲ."

ನಾನು ಗರಿಯ ಉದ್ದವನ್ನಷ್ಟೇ ಅಳೆದಿದ್ದೆ! ಎಲ್ಲ ಡಬ್ಬಗಳನ್ನೂ ಮಹಡಿಗೆ ಹೊತ್ತೊಯ್ದು, ಮಗಳು ಮಲಗಿದ್ದ ಮಧ್ಯಾಹ್ನಗಳಲ್ಲಿ, ಒಂದೊಂದು ಗರಿಯನ್ನೂ ಗಾಳದ ಸುತ್ತ ಬಾಗಿಸಿ ಹೊಸದಾಗಿ ವಿಂಗಡಿಸಿದೆ. ಆಮೇಲಿನ ನೊಣಗಳು ಮೇಜಿನ ಮೇಲೆ ಸಿಪಾಯಿಗಳಂತೆ ನಿಂತವು. ಆಮೇಲೆ ಕಾಗದದಲ್ಲಿ ದೂರು ಬರಲಿಲ್ಲ. ನನಗೆ ನನ್ನ ಮೇಲೇ ಹೆಮ್ಮೆ. ಮಾಮಿಯ ಕಣ್ಣು ಮಾತ್ರ ದಿನದಿನಕ್ಕೆ ಬಿಳಿಚುತ್ತಿತ್ತು. ಬಲಗಣ್ಣು ಆಗಾಗ ಕೆಂಪಾಗಿ ನೀರು ಸುರಿಯುತ್ತಿತ್ತು. "ಧೂಳು" ಎನ್ನುತ್ತಿದ್ದರು. ನಾನೂ "ಧೂಳು" ಎನ್ನುತ್ತಿದ್ದೆ.

ಅಷ್ಟರಲ್ಲಿ ಭೋಜನ್ ಅವರೇ ಬಂದರು. ಅವರ ತಂಗಿಯನ್ನು ಪೋರೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದರು. ಮಧ್ಯೆ ಬಿಡುವು ಮಾಡಿಕೊಂಡು, ಒಂದು ಚೀಲ ಕ್ಯಾರೆಟ್ ಹಿಡಿದು, ವಿಳಾಸ ಕೇಳುತ್ತ ಬಂದುಬಿಟ್ಟರು. ಬಡಗರ ಮಾತು ನಮ್ಮ ಕನ್ನಡದ ದೊಡ್ಡಮ್ಮನ ಮಗಳಿದ್ದ ಹಾಗೆ, ಮುಖ ನೋಡಿದರೆ ನೆಂಟಸ್ತನ ತಿಳಿಯುತ್ತದೆ. ಮಾಮಿಯ ಹತ್ತಿರ ಮಾತ್ರ ಅವರು ಕನ್ನಡವನ್ನೇ ಪ್ರಯತ್ನಪಟ್ಟು ಆಡುತ್ತಿದ್ದರು. ನಾನು ಒಳಗಿನಿಂದ ಕಾಫಿ ತಂದೆ.

"ಅಕ್ಕಾ, ಈಗ ನೊಣ ಸೂಪರಾ ನಿಲ್ಲುತ್ತೆ" ಎಂದರು ಭೋಜನ್, ಸಂತೋಷದಿಂದ. "ಮೊದಲು ಬಿದ್ದೋಗ್ತಿತ್ತು, ಆಮೇಲೆ ಮುಳುಗೋಗ್ತಿತ್ತು. ನಾನು ಎರಡು ಸಲ ಲೆಟರ್ ಬರೆದೆ ಅಲ್ವಾ? ಅದಕ್ಕಾಮೇಲೆ ಕರೆಕ್ಟ್. ಕಣ್ಣು ತೋರಿಸಿದಿರಾ ಅಕ್ಕ?"

ನಾನು ಕಾಫಿಯ ಲೋಟ ಹಿಡಿದು ನಿಂತೇ ಇದ್ದೆ. ಮಾಮಿ, "ಭೋಜನ್‌ಗೆ ಕಾಫಿ ಕೊಡಮ್ಮ, ಆರೋಗತ್ತೆ" ಎಂದರು. ಆಮೇಲೆ ತಂಗಿಯ ಆರೋಗ್ಯ, ಬೆಟ್ಟದ ಚಳಿ, ಹಳೆಯ ಸ್ಟೇಷನ್ನಿನ ವಿಷಯ ಎಲ್ಲ ಮಾತಾಡಿ, ಗೇಟಿನ ತನಕ ಗೋಡೆ ಹಿಡಿದುಕೊಂಡು ನಡೆದು ಅವರನ್ನು ಕಳಿಸಿ ಬಂದರು.

ಬಂದವರೇ ಡಬ್ಬದಿಂದ ಎರಡು ಕಾಗದ ತೆಗೆದರು. ಯಾವುದೆಂದು ತಡವಿಯೇ ಗುರುತಿಟ್ಟುಕೊಂಡಿದ್ದರು. "ಓದು" ಎಂದರು. "ಪೂರ್ತಿ."

ಓದಿದೆ. ಮೊದಲನೆಯದರಲ್ಲಿ ನುಂಗಿದ್ದ ಸಾಲನ್ನೂ ಬಿಡಲಿಲ್ಲ. ಎರಡನೆಯದರ ಆ ನಾಲ್ಕು ಸಾಲು ಬಂದಾಗ ನಿಲ್ಲಿಸಿದೆ. "ಓದಮ್ಮ" ಎಂದರು ಮತ್ತೆ. ಅದರಲ್ಲಿದ್ದದ್ದು ಇಷ್ಟು: ಅಕ್ಕ, ನಿಮ್ಮ ಕೈ ನನಗೆ ಗೊತ್ತು, ಅದು ತಪ್ಪುವುದಿಲ್ಲ. ಕಣ್ಣಿಗೆ ಏನಾದರೂ ಆಗಿದೆಯೇ? ಆಗಿದ್ದರೆ ತಡ ಮಾಡಬೇಡಿ. ನನ್ನ ಅಣ್ಣ ತಡ ಮಾಡಿ ಕಳೆದುಕೊಂಡ. ನಿಮಗೆ ಹೆದರಿಕೆಯಾದರೆ ಬರೆಯಿರಿ, ನಾನು ಬಂದು ಜೊತೆಯಲ್ಲಿ ಕೂರುತ್ತೇನೆ.

"ಇದನ್ನೂ ನುಂಗ್ಬಿಟ್ಯಾ?" ಎಂದರು ಮಾಮಿ. ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರವಾಗುತ್ತಿದ್ದೆ. "ಗರಿ ತಪ್ಪಾದ್ರೆ ಬಿಚ್ಚಿ ಕಟ್ಬೋದಮ್ಮ. ತಪ್ಪು ಅಂತ ನನಗೆ ಗೊತ್ತಾಗಕ್ಕೇ ಬಿಡ್ಲಿಲ್ವಲ್ಲ ನೀನು. ನಾನು ಹೆದರೋಳು, ಸರಿ. ಹೆದರೋಳಿಗೆ ಒಂದು ಜೊತೆ ಬರ್ತೀನಿ ಅಂದಿದ್ನಲ್ಲ ಅವನು."

ಆ ಸಂಜೆ ಅವರೇ ಮಗನಿಗೆ ಕಣ್ಣಿನ ವಿಷಯ ಹೇಳಿದರಂತೆ. ಎಂಟು ದಿನ ನನ್ನನ್ನು ಕರೆಯಲಿಲ್ಲ. ನನ್ನ ಮಗಳು ಮಾತ್ರ ಎಂದಿನಂತೆ ಕೆಳಗೆ ಹೋಗಿ ಬರುತ್ತಿದ್ದಳು, ಬಾಯಲ್ಲಿ ಕಲ್ಲುಸಕ್ಕರೆ ಹಾಕಿಕೊಂಡು. "ಮಾಮಿ ಏನಂದ್ರು?" ಎಂದು ಕೇಳಿದರೆ "ಒಣ್ಣುಮಿಲ್ಲೆ" ಎನ್ನುತ್ತಿದ್ದಳು, ಏನೂ ಇಲ್ಲವೆಂದು.

ಆಪರೇಷನ್ನಿನ ದಿನ ಕಣ್ಣಾಸ್ಪತ್ರೆಯ ವರಾಂಡದಲ್ಲಿ ಮಗ, ಸೊಸೆ, ಭೋಜನ್, ನಾನು ನಾಲ್ವರೂ ಇದ್ದೆವು. ನಾನು ಕರೆಯದೆ ಹೋದವಳು. ಎಡಗಣ್ಣಿನ ಪೊರೆ ಚೆನ್ನಾಗಿ ಬಂತು. ಬಲಗಣ್ಣಿನದು ಬಲಿತು ಒಳಗೆ ಒತ್ತಡ ಏರಿ ನರವೇ ಕೆಟ್ಟಿತ್ತು. ಬೆಳಕು ಕತ್ತಲೆ ತಿಳಿಯುತ್ತದೆ, ಅಷ್ಟೆ ಎಂದರು ಡಾಕ್ಟರು. ಒಂದು ವರ್ಷ ಮುಂಚೆ ಬಂದಿದ್ದರೆ ಎಂದೂ ಅಂದರು. ಮಗ ತಲೆ ತಗ್ಗಿಸಿದ, ತಾನು ಗಮನಿಸಲಿಲ್ಲವೆಂದು. ಎಷ್ಟು ತಿಂಗಳ ಮುಂಚೆ ಯಾರು ಏನು ಹೇಳಬಹುದಿತ್ತು ಎಂಬುದು ಅಲ್ಲಿ ನನಗೆ ಗೊತ್ತಿತ್ತು. ಆ ಸಂಜೆಯೇ ಅವನಿಗೆ ಎಲ್ಲ ಹೇಳಿದೆ. ಅವನು ನನ್ನನ್ನು ನೋಡಿ, "ಅಮ್ಮ ನಿಮ್ಮ ಹೆಸರೇ ಎತ್ತಲಿಲ್ಲ, ಅಕ್ಕ" ಎಂದ.

ಕಟ್ಟು ಬಿಚ್ಚಿ ಮನೆಗೆ ಬಂದ ದಿನ ಮಾಮಿ ಸುತ್ತ ನೋಡಿ, "ಗೋಡೆ ಇಷ್ಟು ಕೊಳಕಾಗಿದ್ಯಾ? ಯಾರೂ ಹೇಳೇ ಇಲ್ವಲ್ಲ" ಎಂದರು. ಸೊಸೆ ನಕ್ಕಳು. ನನಗೆ ನಗು ಬರಲಿಲ್ಲ.

ಒಂದೂವರೆ ತಿಂಗಳ ಮೇಲೆ ಒಂದು ಶನಿವಾರ ಕೆಳಗಿನಿಂದ ಕೂಗು: "ಬಾರಮ್ಮ, ಎಷ್ಟು ದಿನ ಅಂತ ಮೇಲೇ ಕೂತಿರ್ತೀಯ?" ಹೋದೆ. ಒಂದೇ ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಗುವುದಿಲ್ಲವಂತೆ, ದಾರ ಗಾಳವನ್ನು ಬಿಟ್ಟು ಆಚೆ ಹೋಗುತ್ತಿತ್ತು. ಆದರೂ ಬಿಡದೆ ಒಂದು ನೊಣ ಕಟ್ಟಿ ಮುಗಿಸಿದರು. ಮೇಜಿನ ಮೇಲೆ ಬಿಟ್ಟು ನನ್ನ ಕಡೆ ತಿರುಗಿದರು.

"ಬಿದ್ದಿದೆ ಮಾಮಿ" ಎಂದೆ. "ಎಳೆ ಉದ್ದ ಆಯ್ತು. ಹನ್ನೆರಡರದ್ದು ಹಾಕಿದ್ದೀರಿ."

"ಹಾಂ" ಎಂದು ಮಾಮಿ ಬ್ಲೇಡು ತೆಗೆದುಕೊಂಡು ದಾರ ಕತ್ತರಿಸಿ ಗರಿಯನ್ನು ಬಿಚ್ಚಿದರು. "ಹದಿನಾಲ್ಕರದ್ದು ಕೊಡು." ಆ ಮಧ್ಯಾಹ್ನ ಅದೊಂದನ್ನೇ ನಾಲ್ಕು ಸಲ ಬಿಚ್ಚಿ ಕಟ್ಟಿದೆವು. ನಾಲ್ಕನೆಯ ಸಲ ನಿಂತಿತು. ಅವರು ಕ್ಷಮಿಸಿದೆನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ಐದು ವರ್ಷ, ಮಗನಿಗೆ ತಿರುಚ್ಚಿಗೆ ವರ್ಗವಾಗುವ ತನಕ, ನಾವಿಬ್ಬರೂ ಮೂರು ಕಣ್ಣಿನಲ್ಲಿ ನೊಣ ಕಟ್ಟಿದೆವು. ಮಾಮಿ ತಿರುಚ್ಚಿಯಲ್ಲೇ ತೀರಿಕೊಂಡರು. ಸುದ್ದಿ ನನಗೆ ಕೊಟ್ಟದ್ದು ಭೋಜನ್.

ಸಂಡಿಗೆ ತೆಗೆದುಕೊಂಡು ಕೆಳಗಿಳಿದ ಆ ಸಂಜೆಯೇ ಅಮ್ಮನ ಫೋನು ಬಂತು. ಅಪ್ಪ ಹೋದ ಮೇಲೆ ಅಮ್ಮ ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ಎದುರು ಮನೆಯವರು ಮಗಳ ಮದುವೆಗೆ ಕರೆದ ಸುದ್ದಿಯನ್ನು ಹೇಳಿದಳು. ಬೆಳಿಗ್ಗೆಯೂ ಹೇಳಿದ್ದಳು, ಮಧ್ಯಾಹ್ನವೂ ಹೇಳಿದ್ದಳು, ಅದೇ ಮಾತು, ಅದೇ ನಗು. ಕೆಲವು ತಿಂಗಳಿಂದ ಹೀಗೇ. ತಮ್ಮ, ನಾದಿನಿ, ನಾನು ಎಲ್ಲರೂ ಹೊಸದಾಗಿ ಕೇಳಿದವರಂತೆ ಹೌದಾ ಎನ್ನುತ್ತ ಬಂದಿದ್ದೇವೆ. ಹೇಳಿ ಮುಗಿಸಿದವಳು ಸ್ವಲ್ಪ ತಡೆದು, "ಇದನ್ನ ನಿಂಗೆ ಹೇಳಿದ್ನೇನೇ ಮೊದ್ಲೇ?" ಎಂದು ಕೇಳಿದಳು.

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಹೂಂ ಅಮ್ಮ. ಇವತ್ತೇ ಎರಡು ಸಲ ಹೇಳಿದೆ. ಇದು ಮೂರನೇದು. ಕೆಲವು ತಿಂಗಳಿಂದ ಹೀಗೆ ಆಗ್ತಾ ಇದೆ."

ಯಾರದೋ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು, ಒಂದು, ಎರಡು. ಫೋನು ಇಟ್ಟುಬಿಟ್ಟಳೇನೋ ಎಂದುಕೊಂಡೆ.

"ನಂಗೂ ಹಂಗೇ ಅನ್ನಿಸ್ತಿತ್ತು ಕಣೇ" ಎಂದಳು ಅಮ್ಮ, ಬಹಳ ಮೆಲ್ಲಗೆ. "ಇವ್ರನ್ನ ಕೇಳಿದ್ರೆ ಇಲ್ಲ ಇಲ್ಲ ಅಂತಾರೆ. ಡಾಕ್ಟ್ರ ಹತ್ರ ಹೋಗ್ಬೇಕು ಅಂದ್ರೆ ನೀನು ಜೊತೇಲಿ ಬರ್ತೀಯಾ?"

ಶುಕ್ರವಾರದ ಮೈಸೂರು ರೈಲಿಗೆ ಟಿಕೆಟ್ ಆಗಿದೆ. ಸಂಡಿಗೆ ಇನ್ನೂ ಪೂರ್ತಿ ಒಣಗಿಲ್ಲ, ಗಂಡ ನೋಡಿಕೊಳ್ಳುತ್ತಾರೆ.